ಅನ್ಯಾಯಕ್ಕೆ ಬಂದೂಕು ಉತ್ತರವೇ? - ಪಾವಗಡದ ಒಂದು ಘಟನೆಯ ಬೆಳಕಿನಲ್ಲಿ

ಮಗ್ರಿಬ್ ನಮಾಝಿನ ನಂತರ ನಡೆಯುವ ನಮ್ಮ ಕುರ್‌ಆನ್ ತರಗತಿಯಲ್ಲಿ ಸೂರಃ ಅಲ್ ಮಾಇದಃದ 32ರಿಂದ 34ರ ವರೆಗಿನ ಸೂಕ್ತಗಳ ಪಾಠ ನಡೆದಿತ್ತು. ಒಂದು ಜೀವದ ಅನ್ಯಾಯದ ಹತ್ಯೆಯನ್ನು ಸಮಸ್ತ ಮಾನವಕುಲದ ಹತ್ಯೆಗೆ ಸಮನೆಂದು ಎಣಿಸುವ ಸೂಕ್ತವದು. ಪಾವಗಡದ ಕಡೆಯಿಂದ ಬಂದು ಮಧುಗಿರಿಯಲ್ಲಿ ಕಾಲೇಜು ಓದುತ್ತಿರುವ ಹುಡುಗನೊಬ್ಬ ಎದ್ದು ನಿಂತ. "ಹಜ್ರತ್, ನಿರಪರಾಧಿಯನ್ನು ಕೊಲ್ಲಬಾರದು, ಅದು ಸರಿ. ಆದರೆ ನಮ್ಮ ಕಡೆ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರನ್ನು ಕೊಂದರಲ್ಲ, ಅವರು ಬಡವರಿಗಾಗಿ ಹೋರಾಡುವವರು ಅಂತ ನಮ್ಮ ದಾದಾ ಹೇಳುತ್ತಿದ್ದರು. ಝಾಲಿಮನ ವಿರುದ್ಧ ಮಝ್ಲೂಮನು ಬಂದೂಕು ಹಿಡಿದರೆ ಅದೂ ಗುನಾಹ್ ಆಗುತ್ತದೆಯೇ?" ಎಂದು ಕೇಳಿದ. ಅಷ್ಟಕ್ಕೇ ನಿಲ್ಲಲಿಲ್ಲ. ಸಹಾಬಿಗಳಲ್ಲಿ ಅಬೂ ಬಸೀರ್(ರ) ಎಂಬವರು ಗುಂಪು ಕಟ್ಟಿಕೊಂಡು ಕುರೈಶರ ವರ್ತಕ ತಂಡಗಳ ಮೇಲೆ ದಾಳಿ ಮಾಡುತ್ತಿದ್ದರೆಂದು ಮೊಬೈಲಿನಲ್ಲಿ ಒಂದು ಭಾಷಣ ಕೇಳಿದ್ದಾಗಿಯೂ ಹೇಳಿದ.

ತರಗತಿ ಮೌನವಾಯಿತು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು "ಅಂಥ ಮಾತೆಲ್ಲಾ ಮಸೀದಿಯಲ್ಲಿ ಬೇಡಪ್ಪಾ, ಗೋಡೆಗೂ ಕಿವಿಯಿದೆ" ಎಂದು ಅವನನ್ನು ಕೂರಿಸಿದರು. ಹಿರಿಯರ ಭಯಕ್ಕೆ ಕಾರಣವಿಲ್ಲದಿಲ್ಲ. ಆದರೆ ಮಸೀದಿಯಲ್ಲಿ ಉತ್ತರ ಸಿಗದ ಪ್ರಶ್ನೆ ಮನೆಗೆ ಹೋಗಿ ಮಲಗುವುದಿಲ್ಲ. ಅದು ಮತ್ತೆ ಆ ಮೊಬೈಲಿನ ಭಾಷಣಕಾರನ ಬಳಿಗೇ ಹೋಗುತ್ತದೆ. ಮುಂದಿನ ವಾರ ಉತ್ತರಿಸುತ್ತೇನೆಂದು ಹೇಳಿ, ಆ ವಾರವೆಲ್ಲಾ ಓದಿ ಸಿದ್ಧಪಡಿಸಿದ ಪಾಠವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಘಟನೆ. 2004ರ ಸೆಪ್ಟೆಂಬರಿನಲ್ಲಿ ಆಂಧ್ರದ ಪೀಪಲ್ಸ್ ವಾರ್ ಗುಂಪೂ ಬಿಹಾರದ ಕಡೆಯ ಇನ್ನೊಂದು ಗುಂಪೂ ಸೇರಿ ಮಾವೋವಾದಿ ಪಕ್ಷವಾಯಿತು. ಅದೇ ಅಕ್ಟೋಬರಿನಲ್ಲಿ ಆಂಧ್ರ ಸರಕಾರ ಅವರೊಡನೆ ಹೈದರಾಬಾದಿನಲ್ಲಿ ಶಾಂತಿ ಮಾತುಕತೆ ನಡೆಸಿತು. 2005ರ ಜನವರಿಯಲ್ಲಿ ಆ ಮಾತುಕತೆ ಮುರಿದುಬಿತ್ತು. ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದ ಬಳಿ ಕರ್ನಾಟಕದ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. ಅದರ ನಾಲ್ಕನೆಯ ದಿನ, ಫೆಬ್ರವರಿ 10ರ ರಾತ್ರಿ, ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ರಾಜ್ಯ ಮೀಸಲು ಪೊಲೀಸರ ಮೇಲೆ ದೊಡ್ಡ ಗುಂಪೊಂದು ಬಂದೂಕು, ಬಾಂಬುಗಳೊಂದಿಗೆ ಎರಗಿತು. ಹಲವು ಪೊಲೀಸರು ಸತ್ತರು. ಅವರೊಂದಿಗೆ ಖಾಸಗಿ ಬಸ್ಸಿನ ಒಬ್ಬ ಕ್ಲೀನರನೂ ಸತ್ತ. ಅದುವರೆಗೆ ನಕ್ಸಲರೆಂದರೆ ಮಲೆನಾಡಿನ ಕಾಡಿನ ಮಾತು ಎಂದುಕೊಂಡಿದ್ದ ನಮ್ಮ ಬಯಲುಸೀಮೆಗೆ ಅದು ಸಿಡಿಲಿನಂತೆ ಬಡಿಯಿತು. ಆ ಪ್ರಕರಣದಲ್ಲಿ ತೆಲುಗು ಕವಿ ವರವರರಾವ್ ಅವರ ಹೆಸರನ್ನೂ ಸೇರಿಸಲಾಗಿತ್ತು. 2019ರಲ್ಲಿ ಅವರನ್ನು ಪುಣೆಯ ಜೈಲಿನಿಂದ ಪಾವಗಡದ ನ್ಯಾಯಾಲಯಕ್ಕೆ ಕರೆತಂದದ್ದು ಪತ್ರಿಕೆ ಓದುವವರಿಗೆ ನೆನಪಿರಬಹುದು.

ಪಾವಗಡವೇ ಏಕೆ? ನಕ್ಷೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಆ ತಾಲೂಕಿನ ಬಹುಭಾಗ ಸುತ್ತಲೂ ಆಂಧ್ರದ ನೆಲ - ಮಡಕಶಿರಾ, ಕಲ್ಯಾಣದುರ್ಗ, ಪೆನುಗೊಂಡದ ಕಡೆಯ ಹಳ್ಳಿಗಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ನಮ್ಮ ಮೊಹಲ್ಲಾಗಳಲ್ಲಿ ಇವೆರಡರ ಜೊತೆಗೆ ಉರ್ದು. ಗಡಿ ಎಂಬುದು ಕಂದಾಯದ ಕಾಗದದಲ್ಲಿದೆಯೇ ಹೊರತು ಹೊಲದಲ್ಲಿಲ್ಲ. ಇನ್ನರ್ಧ ಉತ್ತರ ಬಡತನದಲ್ಲಿದೆ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬೆಂಗಳೂರಿಗೆ ಗುಳೆ. ಕೊಳವೆಬಾವಿ ಕೊರೆದರೆ ಫ್ಲೋರೈಡ್ ನೀರು. ಆ ನೀರು ಕುಡಿದು ಹಲ್ಲು ಕಂದಿದ ಮಕ್ಕಳು, ಮಂಡಿ ಬಗ್ಗದ ಮುದುಕರು. ಡಾ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಪಾವಗಡ, ಮಧುಗಿರಿ, ಶಿರಾ ಮೂರೂ ಆ ಪಟ್ಟಿಯಲ್ಲಿದ್ದವು. ಕೂಲಿಯವನ ಹಸಿವನ್ನು ಕೇಳುವವರಿಲ್ಲದ ಕಡೆ ಬಂದೂಕಿನವನ ಮಾತಿಗೆ ಕಿವಿಗಳು ಸಿಗುತ್ತವೆ. ಹುಡುಗನ ದಾದಾ ಹೇಳಿದ್ದು ಸುಳ್ಳಲ್ಲ. ಅವರು ಹಸಿವನ್ನು ಕಂಡವರು.

ಹಾಗೆ ನೋಡಿದರೆ ಸೈನ್ಯವಲ್ಲದ ಸೈನ್ಯಗಳ ಯುದ್ಧ ನಮ್ಮ ನಾಲ್ಕು ತಾಲೂಕುಗಳಿಗೆ ಹೊಸದಲ್ಲ. ಮಧುಗಿರಿಯ ಬೆಟ್ಟ, ಕೊರಟಗೆರೆಯ ಬಳಿಯ ಚನ್ನರಾಯನದುರ್ಗ, ಪಾವಗಡದ ಕೋಟೆ, ನಿಡಗಲ್ಲು - ಇವೆಲ್ಲಾ ಪಾಳೆಯಗಾರರ ನೆಲೆಗಳು. ಶಿರಾ 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿತ್ತು. ಅಂಥ ಶಿರಾ 1757ರಿಂದ 1774ರ ಒಳಗೆ ಮರಾಠರು, ಮತ್ತೆ ಮೊಗಲರು, ಹೈದರಾಲಿ, ಮತ್ತೆ ಮರಾಠರು, ಟಿಪ್ಪು - ಹೀಗೆ ಐದು ಸಲ ಕೈ ಬದಲಾಯಿಸಿತು. ಪ್ರತಿ ಸಲವೂ ಬಂದವನು ತಾನೇ ರಕ್ಷಕನೆಂದ. ರೈತನ ಕಣಜ ಮಾತ್ರ ಪ್ರತಿ ಸಲವೂ ಬರಿದಾಯಿತು.

ಈಗ ಷರೀಅತ್ ಏನು ಹೇಳುತ್ತದೆಂದು ನೋಡೋಣ. ಇಸ್ಲಾಮ್ ದೌರ್ಜನ್ಯವನ್ನು ಸಹಿಸಿಕೊಂಡು ಸುಮ್ಮನಿರಿ ಎಂದು ಬೋಧಿಸುವ ಧರ್ಮವಲ್ಲ. ಕ್ರೂರ ಆಡಳಿತಗಾರನ ಮುಂದೆ ನ್ಯಾಯದ ಮಾತನ್ನಾಡುವುದನ್ನು ಪ್ರವಾದಿವರ್ಯರು(ಸ) ಶ್ರೇಷ್ಠ ಜಿಹಾದ್ ಎಂದು ಕರೆದಿದ್ದಾರೆ. ಮರ್ದಿತನ ಮೊರೆಗೂ ಅಲ್ಲಾಹನಿಗೂ ನಡುವೆ ಪರದೆಯಿಲ್ಲವೆಂದು ಮುಆದ್(ರ)ರನ್ನು ಯಮನಿಗೆ ಕಳಿಸುವಾಗ ಎಚ್ಚರಿಸಿದ್ದಾರೆ. ಆದರೆ ಅದೇ ಪ್ರವಾದಿ(ಸ)ಯವರು ಇನ್ನೊಂದು ಬಾಗಿಲನ್ನು ಗಟ್ಟಿಯಾಗಿ ಮುಚ್ಚಿದ್ದಾರೆ. ಸಹೀಹ್ ಮುಸ್ಲಿಮ್‌ನ ಒಂದು ಹದೀಸ್‌ನಲ್ಲಿ, ಒಳ್ಳೆಯವನು ಕೆಟ್ಟವನು ಎಂದು ನೋಡದೆ ಸಿಕ್ಕವರನ್ನು ಹೊಡೆಯುತ್ತಾ, ಕರಾರು ಮಾಡಿಕೊಂಡವರ ಕರಾರನ್ನು ಪಾಲಿಸದೆ ಹೊರಡುವವನ ಬಗ್ಗೆ, ಅವನಿಗೂ ತಮಗೂ ಸಂಬಂಧವಿಲ್ಲ ಎಂದಿದ್ದಾರೆ. ಕುರುಡು ಬಾವುಟದಡಿ ಕಾದಾಡಿ ಸತ್ತವನದು ಅಜ್ಞಾನಕಾಲದ ಮರಣವೆಂಬ ಮಾತೂ ಅದೇ ಹದೀಸ್‌ನಲ್ಲಿದೆ. ಯಾವ ಧ್ಯೇಯಕ್ಕೆಂದು ಸಾಯುತ್ತಿದ್ದೇನೆ, ಯಾರ ಅಪ್ಪಣೆಯಿಂದ ಕೊಲ್ಲುತ್ತಿದ್ದೇನೆ ಎಂಬುದು ತಿಳಿಯದ ಬಾವುಟವೇ ಕುರುಡು ಬಾವುಟ.

ವೆಂಕಟಮ್ಮನಹಳ್ಳಿಯ ರಾತ್ರಿಯನ್ನು ಈ ಅಳತೆಗೋಲಿನಿಂದ ಅಳೆಯಿರಿ. ಅಲ್ಲಿ ಸತ್ತ ಪೇದೆಗಳು ಯಾರು? ಸಂಬಳಕ್ಕಾಗಿ ಖಾಕಿ ತೊಟ್ಟವರು. ಯಾವನೋ ಮೇಲಧಿಕಾರಿಯ ಆದೇಶದಂತೆ ತಮಗೆ ಗುರುತಿಲ್ಲದ ಊರಿಗೆ ಬಂದು ಶಾಲೆಯ ನೆಲದ ಮೇಲೆ ಹಾಸಿಗೆ ಬಿಡಿಸಿದವರು. ಅವರಲ್ಲಿ ಯಾರೂ ಮೆಣಸಿನಹಾಡ್ಯದಲ್ಲಿ ಗುಂಡು ಹಾರಿಸಿದವರಲ್ಲ. ಒಬ್ಬನ ಕೃತ್ಯದ ಭಾರವನ್ನು ಇನ್ನೊಬ್ಬನು ಹೊರುವುದಿಲ್ಲವೆಂಬುದು ಕುರ್‌ಆನ್ ಹಲವು ಸೂರಃಗಳಲ್ಲಿ ಸಾರಿದ ತತ್ವ. ಇನ್ನು ಆ ಬಸ್ಸಿನ ಕ್ಲೀನರ್! ಬಡವರ ಪರವೆಂದು ಹೇಳಿಕೊಂಡು ಬಂದ ಗುಂಡಿಗೆ ಸಿಕ್ಕವನು ಕೊನೆಗೆ ಬಸ್ಸು ತೊಳೆದು ಬದುಕುವ ಒಬ್ಬ ಬಡವ. ರಾತ್ರಿಯ ಕತ್ತಲಲ್ಲಿ ಗುಂಡಿಗೆ ಪೇದೆ ಯಾರು, ಕ್ಲೀನರ್ ಯಾರು ಎಂದು ತಿಳಿಯುವುದಿಲ್ಲ. ಪ್ರವಾದಿವರ್ಯರು(ಸ) ಖೈಬರಿಗೆ ರಾತ್ರಿ ತಲುಪಿದರೂ ಬೆಳಗಾಗುವ ತನಕ ದಾಳಿ ಮಾಡಲಿಲ್ಲವೆಂದೂ, ಅದು ಅವರ ರೂಢಿಯಾಗಿತ್ತೆಂದೂ ಹ. ಅನಸ್(ರ) ವರದಿ ಮಾಡಿದ್ದಾರೆ. ರಾತ್ರಿ ದಾಳಿಯ ಕುರಿತು ಫಿಕ್‌ಹ್ ಗ್ರಂಥಗಳಲ್ಲಿ ಬೇರೆ ಚರ್ಚೆಗಳೂ ಇವೆ, ನಿಜ. ಅವೆಲ್ಲಾ ಎರಡು ರಾಷ್ಟ್ರಗಳ ನಡುವೆ ಘೋಷಿತ ಯುದ್ಧವಿರುವಾಗಿನ ಮಾತುಗಳು. ಒಂದೇ ನಾಡಿನಲ್ಲಿ, ಒಂದೇ ಸಂತೆಯಲ್ಲಿ ಸಾಮಾನು ಕೊಳ್ಳುವವರ ನಡುವೆ ಹೊಂಚು ಹಾಕಿ ಕೊಲ್ಲುವುದಕ್ಕೆ ಅಬೂ ದಾವೂದ್‌ನಲ್ಲಿ ಬೇರೆಯೇ ಹದೀಸ್ ಇದೆ: ಈಮಾನ್ ಎಂಬುದು ಹೊಂಚುಕೊಲೆಗೆ ತೊಡಿಸಿದ ಬೇಡಿ, ವಿಶ್ವಾಸಿಯು ಹೊಂಚಿ ಕೊಲ್ಲುವುದಿಲ್ಲವೆಂಬುದು ಅದರ ಸಾರ. ನಕ್ಸಲರು ಅಲ್ಲಾಹನನ್ನಾಗಲಿ ಪರಲೋಕವನ್ನಾಗಲಿ ನಂಬುವವರಲ್ಲ, ಅವರಿಗೇಕೆ ಹದೀಸ್ ಎಂದು ನೀವು ಕೇಳಬಹುದು. ಪ್ರಶ್ನೆ ಅವರ ಬಗ್ಗೆ ಅಲ್ಲ. ಅವರ ಕೆಲಸವನ್ನು ಮೆಚ್ಚುವ ನಮ್ಮ ಮಗುವಿನ ಬಗ್ಗೆ.

ನಮ್ಮ ಇತಿಹಾಸದಲ್ಲೇ ಇಂಥ ಒಂದು ಗುಂಪು ಎದ್ದಿತ್ತು. ಅವರು ರಾತ್ರಿಯಿಡೀ ನಮಾಝ್ ಮಾಡುವವರು, ಹಣೆಯ ಮೇಲೆ ಸುಜೂದಿನ ಗುರುತುಳ್ಳವರು. ಖವಾರಿಜರೆಂದು ಅವರ ಹೆಸರು. ತೀರ್ಪು ಅಲ್ಲಾಹನದ್ದು ಮಾತ್ರ ಎಂಬುದು ಅವರ ಘೋಷಣೆ. ಮಾತು ಸತ್ಯ, ಆದರೆ ಅದರಿಂದ ಬಯಸಿದ್ದು ಅಸತ್ಯ ಎಂದು ಹ. ಅಲಿ(ರ) ಅದಕ್ಕೆ ಉತ್ತರಿಸಿದ್ದರು. ಹಾಗಿದ್ದೂ ಘೋಷಣೆ ಕೂಗಿದ ಮಾತ್ರಕ್ಕೆ ಅವರ ಮೇಲೆ ಕತ್ತಿ ಎತ್ತಲಿಲ್ಲ. ನಮ್ಮ ಮಸೀದಿಗಳಿಂದ ನಿಮ್ಮನ್ನು ತಡೆಯುವುದಿಲ್ಲ, ಬೈತುಲ್‌ಮಾಲ್‌ನಲ್ಲಿ ನಿಮ್ಮ ಪಾಲನ್ನು ನಿಲ್ಲಿಸುವುದಿಲ್ಲ, ನೀವಾಗಿ ಆರಂಭಿಸದೆ ಯುದ್ಧ ಮಾಡುವುದಿಲ್ಲ ಎಂದು ಮಾತು ಕೊಟ್ಟರು. ಹ. ಇಬ್ನ್ ಅಬ್ಬಾಸ್(ರ)ರನ್ನು ಅವರೊಡನೆ ವಾದಿಸಲು ಕಳುಹಿಸಿದರು. ಸಾವಿರಾರು ಮಂದಿ ಮನಸ್ಸು ಬದಲಿಸಿ ಹಿಂದಿರುಗಿದರು. ಉಳಿದವರು ದಾರಿಯಲ್ಲಿ ಸಿಕ್ಕ ಅಬ್ದುಲ್ಲಾಹ್ ಬಿನ್ ಖಬ್ಬಾಬ್(ರ)ರನ್ನೂ ಅವರ ತುಂಬು ಗರ್ಭಿಣಿ ಪತ್ನಿಯನ್ನೂ ಕೊಂದರು. ಹೆಚ್ಚು ಕಡಿಮೆ ಅದೇ ವೇಳೆಗೆ ಅವರಲ್ಲೊಬ್ಬ ಮರದಡಿ ಬಿದ್ದ ಖರ್ಜೂರವನ್ನು ಬಾಯಿಗೆ ಹಾಕಿಕೊಂಡಾಗ, ಒಡೆಯನ ಅನುಮತಿಯಿಲ್ಲವೆಂದು ಉಗುಳಿಸಿದರಂತೆ! ಬೇರೆಯವನ ಒಂದು ಖರ್ಜೂರಕ್ಕೆ ಹೆದರುವ ಮನಸ್ಸು ಬೇರೆಯವನ ರಕ್ತಕ್ಕೆ ಹೆದರಲಿಲ್ಲ. ಆ ಕೊಲೆಯ ನಂತರವೇ ಹಿಜರಿ 38ರಲ್ಲಿ ನಹ್ರವಾನ್‌ನಲ್ಲಿ ಹ. ಅಲಿ(ರ) ಅವರೊಡನೆ ಯುದ್ಧ ಮಾಡಿದ್ದು.

ಇನ್ನು ಅಬೂ ಬಸೀರ್(ರ)ರ ವಿಷಯ. ಹುಡುಗ ಕೇಳಿದ್ದು ಸುಳ್ಳು ಕಥೆಯಲ್ಲ, ಅರ್ಧ ಕಥೆ. ಹುದೈಬಿಯ ಒಪ್ಪಂದದ ನಂತರ ಅವರು ಮಕ್ಕಾದಿಂದ ತಪ್ಪಿಸಿಕೊಂಡು ಮದೀನಕ್ಕೆ ಬಂದರು. ಬಂದವರನ್ನು ಮರಳಿಸಬೇಕೆಂಬುದು ಒಪ್ಪಂದದ ಶರತ್ತು. ಹಿಂಸೆ ಕಾದಿದೆಯೆಂದು ತಿಳಿದೂ ಪ್ರವಾದಿವರ್ಯರು(ಸ) ಅವರನ್ನು ಕುರೈಶರ ಇಬ್ಬರು ಆಳುಗಳ ಕೈಗೆ ಒಪ್ಪಿಸಿದರು. ಕೊಟ್ಟ ಮಾತು ಎಂದರೆ ಅಷ್ಟು ಭಾರವಾದುದು. ದಾರಿಯಲ್ಲಿ ಒಬ್ಬನನ್ನು ಕೊಂದು ಅಬೂ ಬಸೀರ್ ಮದೀನಕ್ಕೆ ಮರಳಿದಾಗ ಪ್ರವಾದಿ(ಸ) ಅವರನ್ನು ಹೊಗಳಲಿಲ್ಲ. ಇವನು ಯುದ್ಧದ ಕಿಚ್ಚು ಹಚ್ಚುವವನು ಎಂಬ ಅರ್ಥದ ಮಾತನ್ನಾಡಿದರು. ತಮ್ಮನ್ನು ಮತ್ತೆ ಮರಳಿಸುವರೆಂದು ತಿಳಿದ ಅವರು ಸಮುದ್ರ ತೀರಕ್ಕೆ ಹೋದರು. ಮಕ್ಕಾದಿಂದ ತಪ್ಪಿಸಿಕೊಂಡ ಅಬೂ ಜಂದಲ್(ರ) ಮೊದಲಾದವರು ಅಲ್ಲಿ ಸೇರಿದರು. ಅವರು ಮದೀನದ ಪ್ರಜೆಗಳಾಗಿರಲಿಲ್ಲ. ಮಕ್ಕಾದವರ ಒಪ್ಪಂದವೂ ಅವರೊಂದಿಗಿರಲಿಲ್ಲ. ತಮ್ಮನ್ನು ಸಂಕೋಲೆಯಲ್ಲಿಟ್ಟು ಹಿಂಸಿಸಿದವರ ವರ್ತಕ ತಂಡಗಳನ್ನೇ ಅವರು ತಡೆದದ್ದು. ಮದೀನದಲ್ಲಿ ಕುಳಿತು ಕೊಟ್ಟ ಮಾತನ್ನು ಮುರಿದವರಲ್ಲ. ಕೊನೆಗೆ ಕುರೈಶರೇ ಸೋತು, ಇವರನ್ನು ನಿಮ್ಮಲ್ಲಿಗೆ ಕರೆಸಿಕೊಳ್ಳಿ ಎಂದು ಬೇಡಿದರು. ಪ್ರವಾದಿವರ್ಯರ(ಸ) ಪತ್ರ ತಲುಪಿದಾಗ ಅಬೂ ಬಸೀರ್(ರ) ಮರಣಶಯ್ಯೆಯಲ್ಲಿದ್ದರು. ಪತ್ರ ಕೈಯಲ್ಲಿರುವಾಗಲೇ ಪ್ರಾಣ ಬಿಟ್ಟರು. ಉಳಿದವರು ಆಯುಧ ಕೆಳಗಿಟ್ಟು ಮದೀನಕ್ಕೆ ನಡೆದರು. ಭಾಷಣಕಾರನು ದಾಳಿಯ ಭಾಗವನ್ನು ಹೇಳಿ, ಪತ್ರದ ಭಾಗವನ್ನು ಬಿಟ್ಟಿದ್ದಾನೆ.

ನಾವಾದರೋ ಈ ನಾಡಿನ ಪ್ರಜೆಗಳು. ಮತದಾರರ ಪಟ್ಟಿಯಲ್ಲಿ ಹೆಸರಿದೆ, ಪಡಿತರ ಚೀಟಿಯಿದೆ, ಅನ್ಯಾಯವಾದರೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತೇವೆ, ನೆರೆಯವನ ಮದುವೆಗೆ ಹೋಗಿ ಉಂಡು ಬರುತ್ತೇವೆ. ಇದು ಕರಾರಲ್ಲದೆ ಮತ್ತೇನು? ಕರಾರಿನಡಿ ಇರುವವನ ಮೇಲೆ ಅಕ್ರಮವೆಸಗಿದವನ ವಿರುದ್ಧ ಪುನರುತ್ಥಾನದ ದಿನ ತಾವೇ ವಾದಿಸುವುದಾಗಿ ಪ್ರವಾದಿ(ಸ) ಹೇಳಿದ್ದಾರೆ. ಅವರೇ ನಮ್ಮೆದುರು ನಿಂತರೆ ನಮ್ಮ ಪರ ವಾದಿಸುವವರು ಯಾರು? 2008ರ ಫೆಬ್ರವರಿ 25ರಂದು ದಾರುಲ್ ಉಲೂಮ್ ದೇವಬಂದ್ ದೇಶದ ವಿವಿಧ ಪಂಗಡಗಳ ಉಲಮಾಗಳನ್ನು ಕರೆಸಿ ಭಯೋತ್ಪಾದನೆಯ ವಿರುದ್ಧ ಸಮ್ಮೇಳನ ನಡೆಸಿ, ನಿರಪರಾಧಿಗಳ ಹತ್ಯೆ ಇಸ್ಲಾಮಿಗೆ ವಿರುದ್ಧವೆಂದು ಸಾರಿತು. ಅದೇ ಸಮ್ಮೇಳನದಲ್ಲಿ ನಿರಪರಾಧಿ ಮುಸ್ಲಿಮ್ ಯುವಕರನ್ನು ಸುಳ್ಳು ಮೊಕದ್ದಮೆಗಳಲ್ಲಿ ಸಿಲುಕಿಸುವುದರ ವಿರುದ್ಧವೂ ದನಿಯೆತ್ತಲಾಯಿತು. ಎರಡು ಮಾತನ್ನೂ ಒಟ್ಟಿಗೇ ಹೇಳಬೇಕು. ಒಂದನ್ನೇ ಹೇಳಿದರೆ ನ್ಯಾಯವಾಗುವುದಿಲ್ಲ.

ಏಕೆಂದರೆ ಈ ವಿಷಯದಲ್ಲಿ ಷರೀಅತ್ ಬಂಡಾಯಗಾರನಿಗೆ ಮಾತ್ರ ಕಟ್ಟಳೆ ಹಾಕಿಲ್ಲ, ಅಧಿಕಾರ ನಡೆಸುವವನಿಗೂ ಹಾಕಿದೆ. ದಂಗೆಯೆದ್ದವರ ದೂರನ್ನು ಮೊದಲು ಕೇಳಬೇಕು, ಓಡುವವನನ್ನು ಬೆನ್ನಟ್ಟಿ ಕೊಲ್ಲಬಾರದು, ಗಾಯಾಳುವನ್ನು ಮುಗಿಸಬಾರದು, ಅವರ ಮನೆಯ ಸೊತ್ತನ್ನು ದೋಚಬಾರದು - ಜಮಲ್ ಯುದ್ಧದಲ್ಲಿ ಹ. ಅಲಿ(ರ) ನಡೆದುಕೊಂಡ ರೀತಿಯಿಂದ ಫಿಕ್‌ಹ್ ಪಂಡಿತರು ತೆಗೆದ ನಿಯಮಗಳಿವು. ಬನೂ ಜಝೀಮಃ ಗೋತ್ರದ ಬಳಿಗೆ ಹೋದ ಹ. ಖಾಲಿದ್(ರ) ಅವರ ಮಾತನ್ನು ತಪ್ಪಾಗಿ ಅರ್ಥೈಸಿ ಹಲವರನ್ನು ಕೊಲ್ಲಿಸಿದಾಗ, ಪ್ರವಾದಿವರ್ಯರು(ಸ) ಕೈಯೆತ್ತಿ, ಖಾಲಿದ್ ಮಾಡಿದ್ದಕ್ಕೆ ತಾನು ಹೊಣೆಯಲ್ಲವೆಂದು ಅಲ್ಲಾಹನ ಮುಂದೆ ಎರಡು ಸಲ ಹೇಳಿಕೊಂಡರು. ಬಳಿಕ ಹ. ಅಲಿ(ರ)ರ ಕೈಯಲ್ಲಿ ಹಣ ಕೊಟ್ಟು ಕಳುಹಿಸಿದರು. ಪ್ರತಿಯೊಂದು ಜೀವಕ್ಕೂ ಪರಿಹಾರ ಸಂದಿತು. ನಾಯಿ ನೀರು ಕುಡಿಯುವ ಮರದ ಬಟ್ಟಲಿಗೂ ಬೆಲೆ ಕಟ್ಟಿ ಕೊಡಲಾಯಿತು. ತನ್ನದೇ ಸೇನಾನಿಯ ತಪ್ಪನ್ನು ಮುಚ್ಚಿಡದೆ ಒಪ್ಪಿಕೊಂಡ ಆಡಳಿತವದು.

ನಮ್ಮ ರಾಜ್ಯದಲ್ಲಿ 2012ರಲ್ಲಿ ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಮಲೆಕುಡಿಯ ಆದಿವಾಸಿ ವಿದ್ಯಾರ್ಥಿಯೊಬ್ಬನನ್ನು, ಅವನ ತಂದೆಯೊಂದಿಗೆ, ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಲಾಯಿತು. ಮನೆಯಲ್ಲಿ ಸಿಕ್ಕ ಸಾಕ್ಷ್ಯಗಳಲ್ಲಿ ಭಗತ್ ಸಿಂಗರ ಕುರಿತ ಒಂದು ಪುಸ್ತಕ, ಪತ್ರಿಕೆಯ ತುಣುಕುಗಳು ಇದ್ದವು. ಇಬ್ಬರೂ ನಿರ್ದೋಷಿಗಳೆಂದು ನ್ಯಾಯಾಲಯ ಹೇಳಿದ್ದು 2021ರ ಅಕ್ಟೋಬರಿನಲ್ಲಿ. ಒಂಬತ್ತು ವರ್ಷ! ಕಾಡಿನಲ್ಲಿ ಯಾವನೋ ಹಾರಿಸಿದ ಗುಂಡಿನ ಬೆಲೆಯನ್ನು ಊರಿನಲ್ಲಿ ಬಡವನ ಮಗ ತೆರುವುದು ಹೀಗೆ. ಪೊಲೀಸರು ಒಂದು ಕಡೆಯಿಂದ, ಬಂದೂಕಿನವರು ಇನ್ನೊಂದು ಕಡೆಯಿಂದ ಕೇಳುವುದು ಒಂದೇ ಪ್ರಶ್ನೆ: ನೀನು ಯಾರ ಕಡೆಯವನು? ಇಂಥ ಯುದ್ಧಗಳೆಲ್ಲಾ ಹಳ್ಳಿಯವನನ್ನು ಗುರಾಣಿ ಮಾಡಿಕೊಂಡೇ ನಡೆಯುವಂಥವು. ಸೈನಿಕನಿಗೆ ಸಮವಸ್ತ್ರವಿಲ್ಲದಿದ್ದಾಗ ಸಮವಸ್ತ್ರವಿಲ್ಲದ ಪ್ರತಿಯೊಬ್ಬನೂ ಸಂಶಯಿತನಾಗುತ್ತಾನೆ.

ಹಾಗಾದರೆ ಮಝ್ಲೂಮನು ಏನು ಮಾಡಬೇಕು ಎಂದು ಹುಡುಗ ಮತ್ತೆ ಕೇಳಿದ. ನ್ಯಾಯವಾದ ಪ್ರಶ್ನೆ. ನಾನು ಅವನ ಊರಿನ ಉದಾಹರಣೆಯನ್ನೇ ಕೊಟ್ಟೆ. ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ 2018ರಲ್ಲಿ ಉದ್ಘಾಟನೆಯಾಯಿತು. ಜಮೀನನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಬಾಡಿಗೆಗೆ ಪಡೆದರು. ಜಮೀನಿದ್ದವನಿಗೆ ಬರಗಾಲದಲ್ಲೂ ಬಾಡಿಗೆ ಬಂತು. ಆದರೆ ಆ ಜಮೀನಿನಲ್ಲಿ ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವನಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಏನು ಸಿಕ್ಕಿತು? ಇದು ನಿಜವಾದ ಅಳಲು. ಇದನ್ನು ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು, ಮಾಹಿತಿ ಹಕ್ಕಿನ ಅರ್ಜಿ ಬರೆಯಬೇಕು, ಪತ್ರಿಕೆಗೆ ಬರೆಯಬೇಕು, ಉಚಿತ ಕಾನೂನು ನೆರವು ಪಡೆದು ಕೋರ್ಟಿಗೆ ಹೋಗಬೇಕು, ಇತರ ಸಮುದಾಯದ ಕೂಲಿಯವರೊಂದಿಗೆ ಸೇರಿ ಧರಣಿ ಕೂರಬೇಕು. "ಅದಕ್ಕೆಲ್ಲಾ ವರ್ಷಗಟ್ಟಲೆ ಬೇಕಲ್ಲ ಹಜ್ರತ್" ಎಂದ. ಬೇಕು. ಮಕ್ಕಾದಲ್ಲಿ ಹದಿಮೂರು ವರ್ಷ ಹಿಡಿಯಿತು. ಬಿಸಿ ಮರಳಿನ ಮೇಲೆ ಬಿಲಾಲ್(ರ)ರನ್ನು ಮಲಗಿಸಿದ ದಿನ, ಸುಮಯ್ಯಾ(ರ) ಹುತಾತ್ಮರಾದ ದಿನ ಕೂಡಾ ರಾತ್ರಿ ಹೋಗಿ ಅಬೂ ಜಹಲನ ಮನೆಗೆ ನುಗ್ಗಿರೆಂದು ಪ್ರವಾದಿ(ಸ) ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಹೋಗುವವರು ಇದ್ದರು.

ಮಾತಾಪಿತರಿಗೂ ಒಂದು ಮಾತು. ಮಗನ ಮೊಬೈಲಿನಲ್ಲಿ ಉಗ್ರ ಭಾಷಣ ಕಂಡ ಕೂಡಲೇ ಹೊಡೆದು ಮೊಬೈಲು ಕಿತ್ತುಕೊಳ್ಳಬೇಡಿ. ಬೇರೆಯವನ ಮೊಬೈಲು ಸಿಗುತ್ತದೆ. ಪಕ್ಕದಲ್ಲಿ ಕುಳಿತು ಅದನ್ನು ಕೇಳಿ, ಈ ಭಾಷಣಕಾರ ಯಾರು, ಯಾವ ಉಸ್ತಾದರ ಬಳಿ ಓದಿದವನು, ತನ್ನ ಮಗನನ್ನು ಎಲ್ಲಿಗೆ ಕಳಿಸಿದ್ದಾನೆ ಎಂದು ವಿಚಾರಿಸಿ. ಅಂಥದ್ದನ್ನು ನಾಲ್ಕು ಜನರಿಗೆ ಕಳುಹಿಸುವುದರ ಪರಿಣಾಮವನ್ನೂ ತಿಳಿಸಿ. 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯನ್ನು 2004, 2008, 2019ರಲ್ಲಿ ತಿದ್ದಿ ಬಿಗಿಗೊಳಿಸಲಾಗಿದೆ. ಅದರಡಿ ಜಾಮೀನು ಸಿಗುವುದು ಬಹಳ ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ ಅವನ ಸಿಟ್ಟಿಗೆ ಕಾರಣವಾದ ಸುದ್ದಿ ನಿಜವಾಗಿದ್ದರೆ ನಿಜವೆಂದೇ ಒಪ್ಪಿಕೊಳ್ಳಿ. ಮನೆಯಲ್ಲಿ ಸಿಟ್ಟು ಹೇಳಿಕೊಳ್ಳಲು ಜಾಗವಿರುವ ಹುಡುಗ ಹೊರಗಿನವನ ಕಿವಿ ಹುಡುಕುವುದಿಲ್ಲ.

ಪಾಠದ ಕೊನೆಗೆ 34ನೇ ಸೂಕ್ತ ಉಳಿದಿತ್ತು. 33ನೇ ಸೂಕ್ತದಲ್ಲಿ, ಭೂಮಿಯಲ್ಲಿ ಕ್ಷೋಭೆ ಹರಡಿ ದಾರಿಹೋಕರನ್ನು ಕೊಂದು ದೋಚುವವರಿಗೆ ಅತಿ ಕಠಿಣ ಶಿಕ್ಷೆಗಳನ್ನು ಹೇಳಲಾಗಿದೆ. ಅವುಗಳನ್ನು ಜಾರಿಗೊಳಿಸುವುದು ಇಸ್ಲಾಮೀ ಆಡಳಿತದ ನ್ಯಾಯಾಲಯದ ಕೆಲಸ. ಬೀದಿಯ ಯಾವ ವ್ಯಕ್ತಿಗೂ, ಯಾವ ಗುಂಪಿಗೂ ಆ ಅಧಿಕಾರವಿಲ್ಲ. 34ನೇ ಸೂಕ್ತವು, ಕೈಗೆ ಸಿಕ್ಕಿಬೀಳುವ ಮೊದಲೇ ಪಶ್ಚಾತ್ತಾಪಪಟ್ಟು ಬಂದವರನ್ನು ಅದರಿಂದ ಹೊರಗಿಟ್ಟಿದೆ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಆರು ಮಂದಿ ನಕ್ಸಲರು ಶರಣಾದದ್ದನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದರು. ಅದಕ್ಕೆ ಎರಡು ತಿಂಗಳ ಹಿಂದೆ, 2024ರ ನವೆಂಬರಿನಲ್ಲಿ, ಅವರ ನಾಯಕ ವಿಕ್ರಮ್ ಗೌಡ ಹೆಬ್ರಿಯ ಕಬ್ಬಿನಾಲೆಯ ಬಳಿ ಪೊಲೀಸರ ಗುಂಡಿಗೆ ಸತ್ತಿದ್ದ. ಶರಣಾದವರು ಮಲೆನಾಡಿನ ಕಡೆ ಸಕ್ರಿಯರಾಗಿದ್ದವರು, ಪಾವಗಡದ ಘಟನೆಗೂ ಅವರಿಗೂ ಸಂಬಂಧ ಕಲ್ಪಿಸಬಾರದು. ಆದರೂ ಹುಡುಗನಿಗೆ ಅದು ನೆನಪಾಯಿತು. "ಹಾಗೆ ಬಂದವರಿಗೆ ಎಲ್ಲಾ ಮಾಫಿ ಆಗುತ್ತದೆಯೇ?" ಎಂದ.

ಇದಕ್ಕೆ ಫಿಕ್‌ಹ್ ಪಂಡಿತರ ಉತ್ತರ ಸೂಕ್ಷ್ಮವಾಗಿದೆ. ಸೆರೆಸಿಕ್ಕುವ ಮುನ್ನ ತೌಬಾ ಮಾಡಿ ಬಂದವನಿಂದ ಅಲ್ಲಾಹನ ಹಕ್ಕಿಗೆ ಸಂಬಂಧಿಸಿದ ಆ ವಿಶೇಷ ಶಿಕ್ಷೆ ತೊಲಗುತ್ತದೆ. ದಾಸರ ಹಕ್ಕು ತೊಲಗುವುದಿಲ್ಲ. ದೋಚಿದ ಸೊತ್ತನ್ನು ಹಿಂದಿರುಗಿಸಬೇಕು. ಕೊಂದಿದ್ದರೆ ಸತ್ತವನ ವಾರೀಸುದಾರರು ಪ್ರತೀಕಾರ ಕೇಳಬಹುದು, ಪರಿಹಾರಧನ ಪಡೆಯಬಹುದು ಅಥವಾ ಕ್ಷಮಿಸಬಹುದು. ಆ ಶಾಲೆಯ ಅಂಗಳದಲ್ಲಿ ಸತ್ತ ಪೇದೆಯ ಹೆಂಡತಿ, ಆ ಕ್ಲೀನರನ ತಾಯಿ - ಈ ಮೂರರಲ್ಲಿ ಒಂದನ್ನು ಆರಿಸುವ ಹಕ್ಕು ಅವರದು. ಅವರ ಪರವಾಗಿ ನಾವು ಕ್ಷಮಿಸಲು ಬರುವುದಿಲ್ಲ, ಬಡವರ ಹೆಸರು ಹೇಳಿಯೂ ಬರುವುದಿಲ್ಲ.

ಹುಡುಗ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತಿದ್ದ. ಆಮೇಲೆ, ಆ ಕ್ಲೀನರನ ಮನೆ ಯಾವ ಊರಿನಲ್ಲಿದೆಯೆಂದು ದಾದಾರನ್ನು ಕೇಳಿ ನೋಡುವುದಾಗಿ ಹೇಳಿದ. ಅಷ್ಟರಲ್ಲಿ ಇಶಾದ ಅಝಾನ್ ಆಯಿತು. 35ನೇ ಸೂಕ್ತದ ಪಾಠ ಮುಂದಿನ ವಾರಕ್ಕೆ ಉಳಿಯಿತು.